ನಮ್ಮ ತಾಟು, ನಮ್ಮ ನಡಿಗೆ

ಅಕ್ಕ ಇರುವುದು ಬೆಳಗಾವಿಯ ಶಹಾಪುರದಲ್ಲಿ. ತಂಗಿ ಇರುವುದು ಖಾನಾಪುರದಲ್ಲಿ. ನಡುವೆ ಸುಮಾರು 25 ಕಿಲೋಮೀಟರ್ ದಾರಿ. ಅಕ್ಕನಿಗೆ 42 ವರ್ಷ. ತಂಗಿಗೆ 36 ವರ್ಷ.

ದೀಪಾವಳಿ ಮುಗಿದ ಮೇಲೆ ಅಕ್ಕ ತಂಗಿಯ ಮನೆಗೆ ಬಂದಳು. ಇಬ್ಬರೂ ಮಲಪ್ರಭಾ ನದಿಯ ಕಡೆ ಹೋದರು. ಬರುವಾಗ ದಾರಿ ಸ್ವಲ್ಪ ಏರು. ಅಕ್ಕನಿಗೆ ತೇಕು ಬಂತು. ಮೊಣಕಾಲು ಹಿಡಿದುಕೊಂಡು ಒಂದು ಕಲ್ಲಿನ ಮೇಲೆ ಕೂತಳು.

“ಯಾಕಕ್ಕಾ, ಇಷ್ಟಕ್ಕ ಸಾಕಾತೇನು? ಸಣ್ಣಾಕಿ ಇದ್ದಾಗ ನೀನ ಮುಂದ ಓಡ್ತಿದ್ದಿ.”

“ಏನ್ ಮಾಡ್ಲೆವಾ, ಮೈ ಬಂದೈತಿ. ನಾ ಹೆಚ್ಚು ಉಣ್ಣಂಗಿಲ್ಲ. ದಿನಾ ಮನಿ ಕೆಲಸ ಮಾಡ್ತೀನಿ. ಆದ್ರೂ ಹಿಂಗ.”

ಅಕ್ಕ ಹೇಳಿದ್ದು ಸುಳ್ಳಲ್ಲ. ಬಹಳ ಹೆಣ್ಣುಮಕ್ಕಳು ಇದೇ ಮಾತು ಹೇಳುತ್ತಾರೆ. ಹಾಗಾದರೆ ಮೈ ಬರುವುದು ಹೇಗೆ?

ಕೆಲಸ ಹಗುರಾಯಿತು

ನಮ್ಮ ಅವ್ವಂದಿರು ಬೀಸುಕಲ್ಲಿನಲ್ಲಿ ಜೋಳ ಬೀಸಿದರು. ಒಳಕಲ್ಲಿನಲ್ಲಿ ಖಾರ ರುಬ್ಬಿದರು. ಬಾವಿಯಿಂದ ನೀರು ಸೇದಿ ಹೊತ್ತರು. ಈಗ ಗಿರಣಿ ಇದೆ. ಮಿಕ್ಸರ್ ಇದೆ. ನಳ ಇದೆ. ಗ್ಯಾಸ್ ಇದೆ. ಇದು ಒಳ್ಳೆಯದೇ. ಆ ಕಷ್ಟ ಮತ್ತೆ ಬೇಡ.

ಆದರೆ ಮೈಗೆ ಆಗುತ್ತಿದ್ದ ದುಡಿತ ಕಡಿಮೆ ಆಯಿತು. ಊಟ ಮಾತ್ರ ಹಾಗೇ ಉಳಿಯಿತು. ಬಿಸ್ಕೀಟು, ಭಜಿ, ಖಾರದ ತಿಂಡಿ ಹೊಸದಾಗಿ ಸೇರಿದವು.

ಊಟ ಮೈಗೆ ಶಕ್ತಿ ಕೊಡುತ್ತದೆ. ದುಡಿದರೆ ಆ ಶಕ್ತಿ ಖರ್ಚಾಗುತ್ತದೆ. ಉಳಿದದ್ದು ಬೊಜ್ಜಾಗಿ ಕೂಡುತ್ತದೆ. ಇದು ಸಂಘದ ಪಾಸ್‌ಬುಕ್ಕಿನ ಲೆಕ್ಕದ ಹಾಗೆ. ಜಮಾ ಹೆಚ್ಚು, ಖರ್ಚು ಕಡಿಮೆ ಆದರೆ ಶಿಲ್ಕು ಬೆಳೆಯುತ್ತದೆ.

ಚಹಾದ ಲೆಕ್ಕ

ತಂಗಿ ಸಾಕ್ಷರತಾ ತರಗತಿಯಲ್ಲಿ ಲೆಕ್ಕ ಕಲಿತಿದ್ದಳು. ಅವಳು ಕೇಳಿದಳು, “ದಿನಕ್ಕ ಎಷ್ಟು ಕಪ್ ಚಹಾ ಕುಡೀತಿ?”

“ನಾಕು ಕಪ್.”

“ಕಪ್ಪಿಗೆ ಸಕ್ಕರಿ?”

“ಎರಡು ಚಮಚ.”

ದಿನಕ್ಕೆ 8 ಚಮಚ ಆಯಿತು. ಒಂದು ಸಣ್ಣ ಚಮಚ ಸಕ್ಕರೆ 5 ಗ್ರಾಂ. 8 ಚಮಚ ಅಂದರೆ 40 ಗ್ರಾಂ. 30 ದಿನಕ್ಕೆ 1 ಕಿಲೋ 200 ಗ್ರಾಂ.

“ಅಯ್ಯ ಶಿವನ! ಇಷ್ಟು ಸಕ್ಕರಿ ನಾನೊಬ್ಬಾಕೀನ ತಿಂತೀನೇನು?” ಎಂದಳು ಅಕ್ಕ.

ದಿನಕ್ಕೆ ಸಕ್ಕರೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ 5 ಚಮಚ. ಕುಂದಾ, ಲಾಡು, ಬಿಸ್ಕೀಟಿನ ಸಕ್ಕರೆಯೂ ಇದರಲ್ಲೇ ಬರಬೇಕು.

ಟೇಪು ಏನು ಹೇಳಿತು?

ಮರುದಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. 30 ವರ್ಷ ದಾಟಿದವರ ಸೊಂಟದ ಸುತ್ತಳತೆ ಬರೆದುಕೊಳ್ಳುವುದು ಅವರ ಕೆಲಸ. ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ ಇರಬೇಕು. ಅಂದರೆ ಸುಮಾರು 31½ ಇಂಚು. ಅಕ್ಕನದು 94 ಇತ್ತು.

“ಅಕ್ಕಾರ, ಹೊಟ್ಟಿ ಸುತ್ತ ಬೊಜ್ಜು ಬೆಳದ್ರ ಸಕ್ಕರಿ ಕಾಯಿಲೆ, ಬಿ.ಪಿ. ಲಗೂನ ಬರ್ತಾವು. ಸರಕಾರಿ ಆಸ್ಪತ್ರಿಗೆ ಹೋಗ್ರಿ. ಪರೀಕ್ಷಾ ಮಾಡಿಸ್ರಿ. ರೊಕ್ಕ ಬೀಳಂಗಿಲ್ಲ,” ಎಂದರು.

ತಂಗಿ ನಕ್ಕಳು. ಆಶಾ ಕಾರ್ಯಕರ್ತೆ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪು ಕಡಿಮೆ, ಬಿಳಿಚಿಕೊಂಡಿತ್ತು.

“ನೀವೂ ನಗಬ್ಯಾಡ್ರಿ. ನಿಮಗ ರಕ್ತ ಕಡಿಮಿ ಐತಿ. ತೂಕಾನೂ ಕಡಿಮಿ. ನೀವು ಯಾವಾಗ ಉಣ್ತೀರಿ?”

“ಎಲ್ಲಾರೂ ಉಂಡ ಮ್ಯಾಲೆ. ಉಳದದ್ದು.”

“ಅಕ್ಕಾರ, ನೀವು?”

“ನಾನೂ ಹಂಗ. ಮಕ್ಕಳು ಬಿಟ್ಟ ಚಪಾತಿ, ತಳದ ಅನ್ನ. ಚೆಲ್ಲಾಕ ಮನಸ ಬರಂಗಿಲ್ಲ.”

ನೋಡಿ, ಇಬ್ಬರದೂ ಒಂದೇ ರೂಢಿ. ಕೊನೆಗೆ ಉಣ್ಣುವುದು, ಉಳಿದದ್ದು ಉಣ್ಣುವುದು. ಅಕ್ಕನ ಮನೆಯಲ್ಲಿ ಹೆಚ್ಚು ಉಳಿಯುತ್ತದೆ. ಅವಳಿಗೆ ಮೈ ಬಂತು. ತಂಗಿಯ ಮನೆಯಲ್ಲಿ ಕಡಿಮೆ ಉಳಿಯುತ್ತದೆ. ಪಲ್ಯವಂತೂ ಉಳಿಯುವುದೇ ಇಲ್ಲ. ಅವಳು ಸೊರಗಿದಳು.

ಇದು ಇವರಿಬ್ಬರ ಮನೆಯ ಮಾತಷ್ಟೇ ಅಲ್ಲ. 2019-21ರಲ್ಲಿ ಸರಕಾರ ಆರೋಗ್ಯ ಸಮೀಕ್ಷೆ ಮಾಡಿತು. ಕರ್ನಾಟಕದ 100 ಹೆಂಗಸರಲ್ಲಿ 30 ಮಂದಿಗೆ ತೂಕ ಹೆಚ್ಚಿತ್ತು. 17 ಮಂದಿಗೆ ತೂಕ ಬಹಳ ಕಡಿಮೆ ಇತ್ತು. ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು.

ತಾಟು ಹೇಗಿರಬೇಕು?

ಎಲ್ಲರ ಜೊತೆಗೆ ನಿಮ್ಮ ತಾಟನ್ನೂ ಬಡಿಸಿಕೊಳ್ಳಿ. ಅರ್ಧ ತಾಟು ಪಲ್ಯ, ಸೊಪ್ಪು, ಸೌತೆಕಾಯಿ, ಮೂಲಂಗಿ, ಹಣ್ಣು ಇರಲಿ. ಉಳಿದ ಅರ್ಧದಲ್ಲಿ ಒಂದು ಪಾಲು ರೊಟ್ಟಿ ಅಥವಾ ಅನ್ನ. ಇನ್ನೊಂದು ಪಾಲು ಬೇಳೆ, ಕಾಳು, ಮೊಸರು. ತಿನ್ನುವವರಿಗೆ ಮೊಟ್ಟೆ, ಮೀನು.

ಎಣ್ಣೆ ಒಬ್ಬರಿಗೆ ದಿನಕ್ಕೆ 5 ಸಣ್ಣ ಚಮಚ ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು 3 ಕಿಲೋ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ ಮೀರಬಾರದು.

ಉಳಿಯದಂತೆ ಅಳತೆ ನೋಡಿ ಅಡುಗೆ ಮಾಡಿ. ಅನ್ನ ಚೆಲ್ಲುವುದು ತಪ್ಪು. ಹಾಗೆಂದು ನಿಮ್ಮ ಹೊಟ್ಟೆಗೇ ತುಂಬಬೇಡಿ.

ಉಪವಾಸ ಮಾಡಿ ತೂಕ ಇಳಿಸಬೇಡಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ತೂಕ ಇಳಿಸುವ ಪುಡಿ, ಗುಳಿಗೆಗಳ ಜಾಹೀರಾತು ನಂಬಬೇಡಿ.

ತಂಗಿಯಂಥವರು ತೂಕ ಇಳಿಸಬಾರದು. ಅವರು ಸೊಪ್ಪು, ಕಾಳು ಹೆಚ್ಚು ತಿನ್ನಬೇಕು. ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆ ನುಂಗಬೇಕು. ಊಟ ಆದ ಕೂಡಲೇ ಚಹಾ ಕುಡಿಯಬಾರದು. ಕುಡಿದರೆ ಊಟದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಅರ್ಧ ತಾಸು ನಡಿಗೆ

ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ಎಷ್ಟು ಬಿರುಸು? ಜೊತೆಯವರ ಕೂಡ ಮಾತಾಡಲು ಬರಬೇಕು. ಹಾಡಲು ಬರಬಾರದು. ಅಷ್ಟು.

ಒಮ್ಮೆಲೇ ಅರ್ಧ ತಾಸು ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಿರಿ. ಬೆಳಗಾವಿಯಲ್ಲಿ ಕೋಟೆ ಕೆರೆಯ ದಂಡೆ ಇದೆ. ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋದ ಮರಗಳ ನೆರಳಿದೆ. ಸಿಟಿ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ನಡೆದರೂ ಆಯಿತು.

ಖಾನಾಪುರದ ಮಳೆ ನಿಮಗೆ ಗೊತ್ತು. ಮಳೆಗಾಲದಲ್ಲಿ ಮನೆಯೊಳಗೇ ಮಾಡಿ. ಕುರ್ಚಿಯಲ್ಲಿ ಕೂತು ಏಳಿ, 10 ಸಲ. ಗೋಡೆಗೆ ಕೈ ಊರಿ ಬಾಗಿ ಹಿಂದೆ ಸರಿಯಿರಿ, 10 ಸಲ. ವಾರಕ್ಕೆ ಎರಡು ದಿನ ಹೀಗೆ ಮಾಡಿದರೆ ತೋಳಿಗೆ, ತೊಡೆಗೆ ಬಲ ಬರುತ್ತದೆ.

“ಹೆಂಗಸರು ವಾಕಿಂಗ್ ಹೊಂಟ್ರ ಓಣ್ಯಾಗ ನಗ್ತಾರ” ಎಂದು ಕೆಲವರು ಅಂಜುತ್ತಾರೆ. ಒಬ್ಬರೇ ಹೋಗಬೇಡಿ. ಸಂಘದ ಗೆಳತಿಯರು ನಾಲ್ವರು ಕೂಡಿ ಹೋಗಿ. ಅಂಜಿಕೆ ತಾನೇ ಹೋಗುತ್ತದೆ.

ತೂಕ ಬೇಗ ಇಳಿಯದಿದ್ದರೆ ಬಿಡಬೇಡಿ. ಚೆನ್ನೈಯ ಡಾಕ್ಟರರು 531 ಜನರನ್ನು 3 ವರ್ಷ ನೋಡಿಕೊಂಡರು. ಅವರೆಲ್ಲ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರು. ಅದರ ವರದಿ 2006ರಲ್ಲಿ ಬಂತು. ಮಾಮೂಲಿ ಸಲಹೆ ಮಾತ್ರ ಪಡೆದವರಲ್ಲಿ 100ಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ, ಊಟದ ಪಥ್ಯ ಹಿಡಿದವರಲ್ಲಿ 39 ಮಂದಿಗೆ ಬಂತು. ಇವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಆದರೂ ಲಾಭ ಆಯಿತು.

ಎಚ್ಚರ

ಬಸುರಿಯರು, ಬಾಣಂತಿಯರು ತೂಕ ಇಳಿಸಲು ಹೋಗಬಾರದು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ಊಟ ಬಿಡಬಾರದು. ನಡೆಯುವಾಗ ಎದೆ ನೋವು, ತಲೆ ಸುತ್ತು ಬಂದರೆ ಕೂಡಲೇ ನಿಲ್ಲಿ. ಡಾಕ್ಟರಿಗೆ ತೋರಿಸಿ.

ಯುಗಾದಿಗೆ ಅಕ್ಕ ಮತ್ತೆ ಖಾನಾಪುರಕ್ಕೆ ಬಂದಳು. ಇಬ್ಬರೂ ನದಿಗೆ ಹೋಗಿ ಬಂದರು. ಅಕ್ಕನ ಸೊಂಟ 94ರಿಂದ 90ಕ್ಕೆ ಇಳಿದಿತ್ತು. ಇನ್ನೂ ದಾರಿ ಇದೆ. ಆದರೆ ಏರಿನಲ್ಲಿ ಅವಳು ಕೂಡಲಿಲ್ಲ.

ಮನೆಗೆ ಬಂದಾಗ ತಂಗಿ ಎಲ್ಲರ ತಾಟು ಇಟ್ಟಳು. ತನ್ನ ತಾಟನ್ನೂ ಇಟ್ಟಳು.

ಯೋಚಿಸಿ, ಹೇಳಿ

1. ನೀವು ದಿನಕ್ಕೆ ಎಷ್ಟು ಚಮಚ ಸಕ್ಕರೆ ತಿನ್ನುತ್ತೀರಿ? ತಿಂಗಳಿಗೆ ಎಷ್ಟಾಯಿತು? ಲೆಕ್ಕ ಮಾಡಿ.
2. ನಿಮ್ಮ ಸೊಂಟದ ಸುತ್ತಳತೆ ಎಷ್ಟು? ಅಳೆದು ಬರೆಯಿರಿ.
3. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಯಾಕೆ?