ಕೊನೆಯ ದೇಶೀಯ ಫೇರೋ ಎರಡನೆಯ ನೆಕ್ಟನೆಬೊ: ಇತಿಹಾಸ ಮತ್ತು ಐತಿಹ್ಯ

ಪ್ರಾಚೀನ ಈಜಿಪ್ಟಿನ ಕೊನೆಯ ದೇಶೀಯ ಅರಸನೆಂದು ಸಾಮಾನ್ಯವಾಗಿ ಪರಿಗಣಿತನಾಗಿರುವವನು ಮೂವತ್ತನೆಯ ರಾಜವಂಶದ ಎರಡನೆಯ ನೆಕ್ಟನೆಬೊ. ಕ್ರಿ.ಪೂ. 360ರ ಸುಮಾರಿನಲ್ಲಿ, ಸ್ಪಾರ್ಟಾದ ದೊರೆ ಅಜಿಸಿಲೇಯಸನ ಬೆಂಬಲದಿಂದ, ತನ್ನ ಬಂಧುವಾದ ಟೇಯೋಸನನ್ನು ಪದಚ್ಯುತಗೊಳಿಸಿ ಪಟ್ಟವೇರಿದನು. ಒಮ್ಮೆ ಪರ್ಷಿಯಾದ ಮೂರನೆಯ ಅರ್ತಾಕ್ಸರ್ಕ್ಸೀಸನ ದಂಡನ್ನು ಹಿಮ್ಮೆಟ್ಟಿಸಿದನಾದರೂ ಕ್ರಿ.ಪೂ. 343ರ ಸುಮಾರಿನಲ್ಲಿ ಅವನಿಗೇ ಸೋತು ನ್ಯೂಬಿಯಾದ ಕಡೆಗೆ ಪಲಾಯನ ಮಾಡಿದನು. ರಾಜಕೀಯ ಚರಿತ್ರೆಗೆ ಇಷ್ಟು ಸಾಕು. ಜಾನಪದ ಅಧ್ಯಯನಕ್ಕೆ ಮುಖ್ಯವಾಗುವುದು ಈ ಸೋಲನ್ನು ಜನರು ಹೇಗೆ ಅರ್ಥೈಸಿಕೊಂಡರು ಎಂಬ ಪ್ರಶ್ನೆ.

ಮೆಂಫಿಸ್ಸಿನ ಸೆರಾಪಿಯಂ ದೇಗುಲದಲ್ಲಿದ್ದ ಅಪೊಲೋನಿಯಸ್ ಎಂಬಾತ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಪಪೈರಸ್ ಹಾಳೆಯ ಮೇಲೆ ಗ್ರೀಕ್ ಭಾಷೆಯಲ್ಲಿ ಪ್ರತಿಮಾಡಿಕೊಂಡ ಕಥೆಯೊಂದು ಉಳಿದುಬಂದಿದೆ. ಆಳ್ವಿಕೆಯ ಹದಿನಾರನೆಯ ವರ್ಷದಲ್ಲಿ ಅರಸ ಒಂದು ಕನಸು ಕಾಣುತ್ತಾನೆ. ನಾವೆಯಲ್ಲಿ ಸಿಂಹಾಸನಾರೂಢಳಾದ ಐಸಿಸ್ ದೇವಿಯ ಮುಂದೆ ಓನುರಿಸ್ ದೇವರು ನಿಂತು, ಸೆಬೆನ್ನಿಟಸ್ಸಿನ ತನ್ನ ಗುಡಿಯ ಕೆಲಸ ಅರ್ಧಕ್ಕೇ ನಿಂತಿದೆಯೆಂದು ದೂರುತ್ತಾನೆ. ಎಚ್ಚೆತ್ತ ಅರಸ ಪುರೋಹಿತರನ್ನು ಕರೆಸಿ ವಿಚಾರಿಸಲಾಗಿ, ಶಿಲಾಲಿಪಿ ಕೊರೆಯುವುದಷ್ಟೇ ಬಾಕಿಯೆಂದು ತಿಳಿಯುತ್ತದೆ. ಪೆಟೇಸಿಸ್ ಎಂಬ ರೂವಾರಿಯನ್ನು ನೇಮಿಸಲಾಗುತ್ತದೆ. ಮದ್ಯಪ್ರಿಯನಾದ ಅವನು ಮುಂಗಡ ಹಣ ಪಡೆದು, ಕೆಲಸಕ್ಕೆ ಮೊದಲು ಸುಖಪಡಲು ಹೊರಟು, ಚೆಲುವೆಯೊಬ್ಬಳನ್ನು ಕಾಣುತ್ತಾನೆ. ಅಪೊಲೋನಿಯಸನ ಪ್ರತಿ ಇಲ್ಲಿಗೇ ನಿಂತುಬಿಡುತ್ತದೆ. ವಿಪರ್ಯಾಸವೆಂದರೆ, ಈ ಅರಸ ಬೆಹ್‌ಬೇತ್ ಎಲ್-ಹಗರ್‌ನ ಐಸಿಸ್ ದೇಗುಲವೂ ಸೇರಿದಂತೆ ಹಲವು ಗುಡಿಗಳನ್ನು ಕಟ್ಟಿಸಿದವನು. ಆದರೂ ದೇವರ ಮುನಿಸಿನ ಸುಳಿವಿಗೆ ಕಥೆ ಆರಿಸಿಕೊಂಡದ್ದು ಅಪೂರ್ಣ ಗುಡಿಯೊಂದನ್ನೇ.

ಮುಂದೆ ಗ್ರೀಕಿನ ಅಲೆಕ್ಸಾಂಡರ್ ಕಥಾಚಕ್ರದಲ್ಲಿ ಇದೇ ಅರಸ ಮಾಂತ್ರಿಕನಾಗುತ್ತಾನೆ. ನೀರಿನ ಬೋಗುಣಿಯಲ್ಲಿ ಮೇಣದ ಹಡಗುಗಳನ್ನು ತೇಲಿಬಿಟ್ಟು ಶತ್ರುನೌಕೆಗಳನ್ನು ಮುಳುಗಿಸುತ್ತಿದ್ದವನು, ಈಜಿಪ್ಟಿನ ದೇವರುಗಳೇ ಶತ್ರುವಿನ ಹಡಗುಗಳನ್ನು ನಡೆಸುತ್ತಿರುವುದನ್ನು ಒಂದು ದಿನ ಕಾಣುತ್ತಾನೆ. ತಲೆಬೋಳಿಸಿಕೊಂಡು, ವೇಷ ಮರೆಸಿ ಮ್ಯಾಸಿಡೋನಿಯಾ ಸೇರಿ, ಅಮ್ಮೋನ್ ದೇವರ ರೂಪದಲ್ಲಿ ರಾಣಿ ಒಲಿಂಪಿಯಾಸಳನ್ನು ಕೂಡಿ ಅಲೆಕ್ಸಾಂಡರನ ತಂದೆಯಾಗುತ್ತಾನೆ. ಓಡಿಹೋದ ದೊರೆ ತರುಣನಾಗಿ ಮರಳುವನೆಂಬ ದೈವವಾಣಿ ಈಜಿಪ್ಟಿನವರಿಗೆ ಆಗಲೇ ಆಗಿರುತ್ತದೆ.

ಕಾಲಗಣನೆಗೆ ಇದು ಒಗ್ಗದು. ಅಲೆಕ್ಸಾಂಡರ್ ಹುಟ್ಟಿದ ಕ್ರಿ.ಪೂ. 356ರಲ್ಲಿ ನೆಕ್ಟನೆಬೊ ಈಜಿಪ್ಟಿನ ಸಿಂಹಾಸನದ ಮೇಲೆಯೇ ಇದ್ದನು. ಹೊಸ ಆಳರಸರ ಅಧಿಕಾರವನ್ನು ಸಮರ್ಥಿಸಲು ಹುಟ್ಟಿದ ಪ್ರಚಾರಕಥೆಯಿದು ಎಂದು ವಿವರಿಸುವುದುಂಟು. ಇದನ್ನು ಪೂರ್ಣವಾಗಿ ಒಪ್ಪಲಾಗದು. ಏಕೆಂದರೆ ಅಲೆಕ್ಸಾಂಡರನಿಗೆ ಸೋತ ಇರಾನಿನಲ್ಲಿಯೂ ಇದೇ ಆಶಯ ಕಾಣಿಸುತ್ತದೆ. ಫಿರ್ದೌಸಿಯ ‘ಶಾಹನಾಮೆ’ಯಲ್ಲಿ ಸಿಕಂದರ್ ಇರಾನಿನ ದೊರೆ ದಾರಾಬನ ಮಗ. ಅಲ್ಲಿ ಗ್ರೀಕ್ ಅರಸರ ಅಧಿಕಾರ ಎಂದೋ ಅಳಿದಿತ್ತು, ಕಥೆ ಅಳಿದಿರಲಿಲ್ಲ. ಗೆದ್ದವನನ್ನು ತಮ್ಮ ವಂಶವೃಕ್ಷದೊಳಗೆ ಸೇರಿಸಿಕೊಳ್ಳುವುದು ಸೋತವರ ಅಗತ್ಯವೂ ಆಗಿತ್ತೆಂದು ಇದರಿಂದ ತೋರುತ್ತದೆ.

ನೆಕ್ಟನೆಬೊ ತನಗಾಗಿ ಸಿದ್ಧಪಡಿಸಿಕೊಂಡ ಕಲ್ಲಿನ ಶವಪೆಟ್ಟಿಗೆ ಅಲೆಕ್ಸಾಂಡ್ರಿಯಾದ ಅತ್ತಾರೀನ್ ಮಸೀದಿಯಲ್ಲಿ ಬಹುಕಾಲ ವಜೂ ಮಾಡುವ ನೀರಿನ ತೊಟ್ಟಿಯಾಗಿತ್ತು. ನೀರು ಹರಿಯಲು ಕೊರೆದ ರಂಧ್ರಗಳು ಅದರಲ್ಲಿ ಈಗಲೂ ಇವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದಾಗ ಅದನ್ನು ಅಲೆಕ್ಸಾಂಡರನದೆಂದೇ ವಾದಿಸಿದವರಿದ್ದರು. 1822ರಲ್ಲಿ ಶಾಂಪೋಲಿಯೋನ್ ಚಿತ್ರಲಿಪಿಯನ್ನು ಬಿಡಿಸಿದ ನಂತರವಷ್ಟೇ ಅದರ ಮೇಲಿನ ಹೆಸರನ್ನು ಓದುವುದು ಸಾಧ್ಯವಾಯಿತು.