ಅಗ್ನಿವಿಮೆಯ ದಾಖಲೆಗಳೂ ಭದ್ರಾವತಿಯ ಕಾಗದದ ಚರಿತ್ರೆಯೂ

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪಿತವಾಗಿ, 1977ರಲ್ಲಿ ಸರ್ಕಾರದ ಕಂಪನಿಯಾಗಿ, 1981ರಿಂದ ವೃತ್ತಪತ್ರಿಕೆಯ ಕಾಗದವನ್ನೂ ತಯಾರಿಸತೊಡಗಿದುದು ವಿದಿತವೇ ಆಗಿದೆ. 2015ರ ಸುಮಾರಿಗೆ ಅದರ ಉತ್ಪಾದನೆ ನಿಂತಿತು. ಇಂತಹ ಕಾರ್ಖಾನೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ವಾರ್ಷಿಕ ವರದಿಗಳನ್ನೇ ಆಶ್ರಯಿಸುತ್ತಾರೆ. ಅವುಗಳಿಂದ ಲಾಭನಷ್ಟಗಳು ತಿಳಿಯುತ್ತವೆ. ಯಾವ ಕಟ್ಟಡದಲ್ಲಿ ಯಾವ ಕೆಲಸ ನಡೆಯಿತು, ಯಾವ ತಿಂಗಳಲ್ಲಿ ಎಷ್ಟು ಬಿದಿರು ಅಂಗಳದಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಬಲ್ಲ ಹಳೆಯ ಅಗ್ನಿವಿಮೆಯ ಕಾಗದಪತ್ರಗಳ ಉಪಯೋಗವನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

ಇಂಗ್ಲೆಂಡಿನಲ್ಲಿ ಈ ಮಾರ್ಗ ಹೊಸದಲ್ಲ. 1710ರಲ್ಲಿ ಹುಟ್ಟಿದ ಸನ್ ಫೈರ್ ಆಫೀಸಿನ ದಾಖಲೆಪುಸ್ತಕಗಳು ಲಂಡನ್ನಿನಲ್ಲಿ ಉಳಿದುಬಂದಿವೆ. ಗಿರಣಿಯ ಒಡೆಯನ ಹೆಸರು, ಊರು, ಕಟ್ಟಡ, ಉಪಕರಣ, ದಾಸ್ತಾನುಗಳಿಗೆ ಪ್ರತ್ಯೇಕವಾಗಿ ಕಟ್ಟಿದ ಮೊತ್ತ, ಇವೆಲ್ಲ ಅವುಗಳಲ್ಲಿ ದೊರೆಯುತ್ತವೆ. ಅಲ್ಲಿಯ ಕಾಗದದ ಗಿರಣಿಗಳನ್ನು ಕುರಿತು 1957ರಲ್ಲಿ ಗ್ರಂಥವನ್ನು ಪ್ರಕಟಿಸಿದ ಆಲ್ಫ್ರೆಡ್ ಶಾರ್ಟರ್ ಅವರು ಇಂತಹ ಪಾಲಿಸಿಗಳನ್ನು ಬಳಸಿಕೊಂಡಿದ್ದಾರೆ.

ಬೆಂಕಿಗೆ ಅಂಜುವವನು ವಿವರಗಳನ್ನು ಕೇಳದೆ ಬಿಡುವುದಿಲ್ಲ. ಗೋಡೆ ಯಾವುದರದು, ಚಾವಣಿ ಯಾವುದರದು, ಒಂದು ಮೆದೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಅಂತರ, ನೀರಿನ ಕೊಳವೆ ಎಲ್ಲಿ ಎಂಬುದನ್ನು ತಿಳಿದೇ ವಿಮೆಗಾರನು ದರವನ್ನು ಗೊತ್ತುಮಾಡುತ್ತಾನೆ. ಆದಕಾರಣ ಪಾಲಿಸಿಯ ತಪಶೀಲೂ ಅದರೊಡನೆ ಲಗತ್ತಿಸುವ ನಕ್ಷೆಯೂ ಕಾರ್ಖಾನೆಯ ಒಳವಿನ್ಯಾಸಕ್ಕೆ ಸಾಕ್ಷಿಯಾಗುತ್ತವೆ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಡಿಕ್ಲರೇಷನ್ ಪಾಲಿಸಿ. ಏರಿಳಿಯುವ ದಾಸ್ತಾನಿಗೆ ಈ ಬಗೆಯ ವಿಮೆಯನ್ನು ಇಳಿಸಿದಾಗ ಪ್ರತಿ ತಿಂಗಳೂ ದಾಸ್ತಾನಿನ ಮೌಲ್ಯವನ್ನು ವಿಮಾ ಕಚೇರಿಗೆ ತಿಳಿಸಬೇಕು. ವರ್ಷದ ಕೊನೆಯಲ್ಲಿ ಅದಕ್ಕನುಸಾರವಾಗಿ ಪ್ರೀಮಿಯಂ ಸರಿಹೊಂದುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಕಾಡಿನ ಹಾದಿಗಳಲ್ಲಿ ಬಿದಿರನ್ನು ಸಾಗಿಸುವುದು ದುಸ್ತರ. ಮುಂಗಾರಿಗೆ ಮುನ್ನ ಬೆಳೆದ ಮೆದೆಗಳು ಮಳೆಗಾಲದುದ್ದಕ್ಕೂ ಹೇಗೆ ಕರಗಿದುವೆಂಬುದನ್ನು ಈ ಮಾಸಿಕ ಹೇಳಿಕೆಗಳಿಂದ ಗುರುತಿಸಬಹುದು. ಬಿದಿರಿನ ಪಕ್ಕದಲ್ಲಿ ನೀಲಗಿರಿ ಮರವೂ ಕಬ್ಬಿನ ಸಿಪ್ಪೆಯೂ ಕಾಣಿಸಿಕೊಳ್ಳುವ ವರ್ಷವನ್ನೂ ಹಾಗೆಯೇ ಹಿಡಿಯಬಹುದು. ಕಾಗದದ ಗಿರಣಿಗಳಿಂದ ಬಿದಿರು ತೀರಿಹೋಗುತ್ತಿದೆಯೆಂದು ಮೇದಾರರು ದೂರಿಕೊಂಡುದು, 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಅವರು ಕರ್ನಾಟಕದ ಬಿದಿರನ್ನು ಕುರಿತು ಅಧ್ಯಯನ ಕೈಗೊಂಡುದು ಪ್ರಸಿದ್ಧವಾಗಿದೆ. ಆ ವಿವಾದದಲ್ಲಿ ಅರಣ್ಯದ ಕಡೆಯ ಲೆಕ್ಕಕ್ಕೆ ಎದುರಾಗಿ ಇಡಬಹುದಾದ, ಗಿರಣಿಯ ಅಂಗಳದ ಲೆಕ್ಕ ಇದು. ಆದರೆ ಹೇಳಿಕೆಯಲ್ಲಿರುವುದು ರೂಪಾಯಿಯೇ ಹೊರತು ಟನ್ನಲ್ಲ; ಆಯಾ ವರ್ಷದ ಬಿದಿರಿನ ದರವನ್ನು ಬೇರೆ ಆಧಾರದಿಂದ ಪಡೆದು ಭಾಗಿಸದ ಹೊರತು ಅದರಿಂದ ಪ್ರಯೋಜನವಿಲ್ಲ.

ಇನ್ನೂ ಎರಡು ಎಚ್ಚರಿಕೆಗಳು ಅವಶ್ಯ. ಕಟ್ಟಡಕ್ಕೆ ಕಟ್ಟಿದ ಮೊತ್ತ ಅದರ ನಿಜಬೆಲೆಯೆಂದು ತಿಳಿಯಬಾರದು. ಪ್ರೀಮಿಯಂ ಉಳಿಸಲು ಕಡಮೆ ಮೊತ್ತಕ್ಕೆ ವಿಮೆ ಇಳಿಸುವುದು ವ್ಯಾಪಾರದಲ್ಲಿ ಅಪರೂಪವಲ್ಲ. ಬಾಯ್ಲರ್ ಸಿಡಿತದ ವಿಮೆ ಬೇರೆಯಾದುದರಿಂದ ತಿರುಳು ಬೇಯಿಸುವ ಶಾಖೆಯ ಪೂರ್ಣ ಚಿತ್ರ ಅಗ್ನಿವಿಮೆಯಲ್ಲಿ ಸಿಗದು. ಕಾರ್ಮಿಕರನ್ನು ಕುರಿತಂತೂ ಅದು ಮೌನಿ.

1973ರ ಜನವರಿ 1ರಿಂದ 107 ವಿಮಾ ಸಂಸ್ಥೆಗಳು ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ವಿಲೀನವಾದುವು. ಆದುದರಿಂದ ಅದಕ್ಕೂ ಹಿಂದಿನ ಪಾಲಿಸಿಯನ್ನು ಅರಸುವವರು ಮೂಲ ಕಂಪನಿ ಈ ನಾಲ್ಕರಲ್ಲಿ ಯಾವುದನ್ನು ಸೇರಿತೆಂಬುದನ್ನು ಮೊದಲು ನಿರ್ಣಯಿಸಿಕೊಳ್ಳಬೇಕು. ಅವಧಿ ಮುಗಿದ ಪಾಲಿಸಿ ವಿಮಾ ಕಚೇರಿಗೆ ರದ್ದಿ. ಬೀಗ ಬಿದ್ದ ಕಾರ್ಖಾನೆಯ ಕಡತಕ್ಕೆ ಗೆದ್ದಲೇ ವಾರಸುದಾರ. ಶಿವಮೊಗ್ಗ ನಗರದ ವಿಮಾ ಶಾಖೆಗಳು, ನಷ್ಟವನ್ನು ಅಂದಾಜು ಮಾಡುತ್ತಿದ್ದ ಸರ್ವೇಯರುಗಳ ಮನೆಗಳು, ಕಾರ್ಖಾನೆಯ ಲೆಕ್ಕಪತ್ರ ಶಾಖೆ, ಈ ಮೂರು ಕಡೆಗಳಲ್ಲಿಯೂ ಹುಡುಕಾಟ ಏಕಕಾಲಕ್ಕೆ ನಡೆಯಬೇಕು. ನಕ್ಷೆಯೊಂದು ಕೈಗೆ ಬಂದೊಡನೆ ಅದನ್ನು ಹಿಡಿದುಕೊಂಡು ನಿವೃತ್ತ ಕಾರ್ಮಿಕರೊಡನೆ ಆ ಸ್ಥಳದಲ್ಲಿ ಒಮ್ಮೆ ನಡೆದು, ಪ್ರತಿ ಕಟ್ಟಡಕ್ಕೂ ಅವರು ಇಟ್ಟುಕೊಂಡಿದ್ದ ಹೆಸರನ್ನು ಬರೆದುಕೊಳ್ಳುವುದು ಮೊದಲ ಕೆಲಸವಾಗತಕ್ಕುದು.