ನಮ್ಮ ಹಳೆಯ ಕಂಪ್ಯೂಟರಿನ ಸಮಯ ಯಾರಿಗೆ?

ನಮ್ಮ ಮನೆಯ ಹಳೆಯ ಕಂಪ್ಯೂಟರ್ ದಿನಾ ಸಂಜೆ 5ರಿಂದ 10ರ ತನಕ ಆನ್ ಇರುತ್ತೆ. ನಾನು ಹೋಂವರ್ಕ್ ಮಾಡ್ತೀನಿ, ತಂಗಿ ಚಿತ್ರ ಬಿಡಿಸ್ತಾಳೆ, ಅಮ್ಮ ಊರಿಗೆ ವಿಡಿಯೊ ಕಾಲ್ ಮಾಡ್ತಾರೆ. ಇಷ್ಟೆಲ್ಲ ಆದರೂ ಅದರ ಪ್ರೊಸೆಸರ್ ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತೆ. ಆ ಖಾಲಿ ಹೊತ್ತನ್ನು ವಿಜ್ಞಾನಿಗಳಿಗೆ ಕೊಡಬಹುದು ಅಂತ ಗೊತ್ತಾದಾಗ ನಾವೂ ಕೊಡೋಣ ಅಂದುಕೊಂಡೆವು. ಜಗಳ ಶುರುವಾಗಿದ್ದೂ ಅಲ್ಲಿಂದಲೇ.

ಇದು ಹೇಗೆ ನಡೆಯುತ್ತೆ ಅಂತ ಮೊದಲು ಹೇಳ್ತೀನಿ. ಒಂದು ದೊಡ್ಡ ಲೆಕ್ಕವನ್ನು ಸಾವಿರಾರು ಚಿಕ್ಕ ತುಂಡು ಮಾಡಿ, ಬೇರೆ ಬೇರೆ ದೇಶದ ಮನೆಗಳ ಕಂಪ್ಯೂಟರುಗಳಿಗೆ ಹಂಚುತ್ತಾರೆ. ನಮ್ಮ ಕಂಪ್ಯೂಟರ್ ತನ್ನ ತುಂಡನ್ನು ಮುಗಿಸಿ ಉತ್ತರ ವಾಪಸ್ ಕಳಿಸುತ್ತೆ. ಹೀಗೆ ಕೆಲಸ ತರುವ, ಕಳಿಸುವ ಪ್ರೋಗ್ರಾಮಿನ ಹೆಸರು ಬೋಯಿಂಕ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತಯಾರಾಗಿದ್ದು. ಅನ್ಯಲೋಕದ ಜೀವಿಗಳ ಸಂಕೇತ ಹುಡುಕುವ 'ಸೇಟಿ ಅಟ್ ಹೋಮ್' ಅನ್ನುವ ಯೋಜನೆ 1999ರಲ್ಲಿ ಅಲ್ಲೇ ಶುರುವಾಗಿತ್ತು. ಅದು 2020ರಲ್ಲಿ ಕೆಲಸ ಹಂಚುವುದನ್ನು ನಿಲ್ಲಿಸಿತು, ಆದರೆ ಬೋಯಿಂಕ್‌ನಲ್ಲಿ ಬೇರೆ ಯೋಜನೆಗಳು ಇನ್ನೂ ಇವೆ.

ನಾನು ಆರಿಸಿಕೊಂಡಿದ್ದು 'ಐನ್‌ಸ್ಟೈನ್ ಅಟ್ ಹೋಮ್'. ಇದರ ಒಂದು ಮುಖ್ಯ ಕೇಂದ್ರ ಇಲ್ಲೇ ಹ್ಯಾನೋವರ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿದೆ. 2005ರಲ್ಲಿ ಶುರುವಾದ ಈ ಯೋಜನೆ ಗುರುತ್ವ ಅಲೆಗಳನ್ನೂ ಪಲ್ಸಾರ್ ಅನ್ನುವ ನಕ್ಷತ್ರಗಳನ್ನೂ ಹುಡುಕುತ್ತೆ. ಪಲ್ಸಾರ್ ಅಂದರೆ ಬುಗುರಿ ಥರ ತಿರುಗುವ, ತುಂಬಾ ಗಟ್ಟಿಯಾದ ಸತ್ತ ನಕ್ಷತ್ರ. 2010ರಲ್ಲಿ ಈ ಯೋಜನೆಗೆ ಮೊದಲ ಪಲ್ಸಾರ್ ಸಿಕ್ಕಿತು. ಸೆಕೆಂಡಿಗೆ 41 ಸುತ್ತು! ಅರೆಸಿಬೊ ರೇಡಿಯೊ ದೂರದರ್ಶಕದ ಮಾಹಿತಿಯಲ್ಲಿ ಅಡಗಿದ್ದ ಅದನ್ನು ಹಿಡಿದದ್ದು ಅಮೆರಿಕದ ಅಯೋವಾದ ಒಂದು ಮನೆಯ ಕಂಪ್ಯೂಟರ್ ಮತ್ತು ನಮ್ಮ ಜರ್ಮನಿಯ ಮೈಂಟ್ಸ್ ವಿಶ್ವವಿದ್ಯಾಲಯದ ಒಂದು ಕಂಪ್ಯೂಟರ್. ಎರಡು ಯಾಕೆ ಅಂತೀರಾ? ಒಂದೇ ತುಂಡನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ಒಬ್ಬರು ಹೇಳಿದ್ದನ್ನೇ ನಂಬಿಬಿಡೋದಿಲ್ಲ.

ತಂಗಿಗೆ ನಕ್ಷತ್ರ ಬೇಡ. ಊರಲ್ಲಿ ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಇನ್ಸುಲಿನ್ ಕೂಡ ಒಂದು ಪ್ರೋಟೀನ್ ಅಂತ ಅಪ್ಪ ಹೇಳಿದ್ದೇ ತಡ, 'ರೊಸೆಟ್ಟಾ ಅಟ್ ಹೋಮ್' ಬೇಕು ಅಂತ ಹಟ ಹಿಡಿದಳು. ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ ಅಂತ ಲೆಕ್ಕ ಹಾಕುವ ಯೋಜನೆ ಅದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನು ನಡೆಸುವ ಪ್ರಯೋಗಾಲಯದ ಮುಖ್ಯಸ್ಥ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇದು ಗೊತ್ತಾದ ಮೇಲಂತೂ ಅವಳ ಹಟ ಇಳಿಯಲೇ ಇಲ್ಲ.

ಇರುವುದು ಒಂದೇ ಕಾವಲಿ, ದೋಸೆಗೆ ಕಾದವರು ಇಬ್ಬರು. ಇದಕ್ಕೇ ಬೋಯಿಂಕ್‌ನಲ್ಲಿ 'ಪಾಲು' ಅಂತ ಒಂದು ಸಂಖ್ಯೆ ಇದೆ. ಪ್ರತಿ ಯೋಜನೆಗೂ ಮೊದಲು 100 ಇರುತ್ತೆ. ನಾನು ಇದನ್ನು ಶೇಕಡಾ 100 ಅಂದುಕೊಂಡು, "ನನ್ನ ಯೋಜನೆಗೇ ಪೂರ್ತಿ ಸಮಯ!" ಅಂತ ಕುಣಿದಿದ್ದೆ. ಅದು ಶೇಕಡಾ ಅಲ್ಲ, ಅನುಪಾತ. 100ಕ್ಕೆ 100 ಅಂದರೆ ಅರ್ಧ-ಅರ್ಧ. ಒಂದಕ್ಕೆ 300, ಇನ್ನೊಂದಕ್ಕೆ 100 ಇಟ್ಟರೆ ಮುಕ್ಕಾಲು ಮತ್ತು ಕಾಲು. 3 ಮತ್ತು 1 ಅಂತ ಇಟ್ಟರೂ ಅಷ್ಟೇ. ನಾವು 100-100 ಇಟ್ಟೆವು.

ಕೆಲವು ದಿನ ರೊಸೆಟ್ಟಾದಲ್ಲಿ ಹಂಚಲು ಕೆಲಸವೇ ಇರಲಿಲ್ಲ. ಅಲ್ಲಿ ಹಾಗೆ ಆಗಾಗ ಆಗುತ್ತೆ. ಕಂಪ್ಯೂಟರ್ ಸುಮ್ಮನೆ ಕೂರಲಿಲ್ಲ, ಇಡೀ ಸಮಯವನ್ನು ಐನ್‌ಸ್ಟೈನ್‌ಗೆ ಕೊಟ್ಟಿತು. ಆಮೇಲೆ ಒಂದು ಸಂಜೆ ನೋಡಿದರೆ ಬರೀ ರೊಸೆಟ್ಟಾ ಓಡ್ತಾ ಇದೆ! ಮರುದಿನವೂ ಅದೇ. ತಂಗಿ ಸೆಟ್ಟಿಂಗ್ ಬದಲಾಯಿಸಿದ್ದಾಳೆ ಅಂತ ನಾನು ಕೂಗಾಡಿದೆ, ಅವಳು ಅತ್ತುಬಿಟ್ಟಳು. ಅಪ್ಪ ಬಂದು ನೋಡಿದರೆ ಎರಡೂ 100ರಲ್ಲೇ ಇದ್ದವು.

ತಪ್ಪು ನನ್ನದೇ. ಬೋಯಿಂಕ್ ಒಂದೊಂದು ಗಂಟೆಯ ಲೆಕ್ಕ ಸರಿ ಮಾಡೋದಿಲ್ಲ, ಹಲವು ದಿನಗಳ ಲೆಕ್ಕ ನೋಡುತ್ತೆ. ಇತ್ತೀಚೆಗೆ ಯಾರಿಗೆ ಕಡಿಮೆ ಸಿಕ್ಕಿದೆಯೋ ಅವರನ್ನು ಮುಂದಕ್ಕೆ ಬಿಡುತ್ತೆ. ಆದರೆ ಹಳೆಯ ಬಾಕಿಯನ್ನು ಪೂರ್ತಿ ಇಟ್ಟುಕೊಳ್ಳೋದಿಲ್ಲ. ಸಾಮಾನ್ಯವಾಗಿ 10 ದಿನ ಕಳೆದರೆ ಹಳೆಯ ಲೆಕ್ಕದ ತೂಕ ಅರ್ಧಕ್ಕೆ ಇಳಿಯುತ್ತೆ. ಜೊತೆಗೆ ಗಡುವು ಬೇರೆ. ರೊಸೆಟ್ಟಾ ಸಾಮಾನ್ಯವಾಗಿ ಮೂರೇ ದಿನ ಕೊಡುತ್ತೆ, ಐನ್‌ಸ್ಟೈನ್ ಒಂದೆರಡು ವಾರ. ಗಡುವು ತಪ್ಪುವ ಹಾಗಿದ್ದರೆ ಪಾಲನ್ನು ಪಕ್ಕಕ್ಕಿಟ್ಟು ಆ ಕೆಲಸವನ್ನೇ ಮೊದಲು ಮುಗಿಸುತ್ತೆ. ಅದಕ್ಕೇ ದಿನಕ್ಕೆ ಐದು ಗಂಟೆ ಮಾತ್ರ ಓಡುವ ನಮ್ಮಂಥವರು ಒಮ್ಮೆಲೇ ತುಂಬಾ ಕೆಲಸ ತಂದಿಟ್ಟುಕೊಳ್ಳಬಾರದು. ಗಡುವು ದಾಟಿದರೆ ಅದೇ ತುಂಡನ್ನು ಇನ್ಯಾರಿಗೋ ಹೊಸದಾಗಿ ಕಳಿಸಬೇಕಾಗುತ್ತೆ.

ಪಾಲನ್ನು ಸೊನ್ನೆ ಅಂತಲೂ ಇಡಬಹುದು. ಆಗ ಆ ಯೋಜನೆಗೆ ಬೇರೆ ಎಲ್ಲೂ ಕೆಲಸ ಇಲ್ಲದಾಗ ಮಾತ್ರ ಸರದಿ. "ಐನ್‌ಸ್ಟೈನ್‌ಗೆ ಸೊನ್ನೆ ಇಡೋಣ, ಹೇಗೂ ರೊಸೆಟ್ಟಾದಲ್ಲಿ ಕೆಲಸ ಇರಲ್ವಲ್ಲ" ಅಂದಳು ತಂಗಿ. ಬುದ್ಧಿವಂತ ಉಪಾಯವೇ, ಆದರೆ ನಾನು ಒಪ್ಪಲಿಲ್ಲ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಇದು ಪುಕ್ಕಟೆ ಅಲ್ಲ. ಪ್ಲಗ್ ಮೀಟರ್ ಹಾಕಿ ನೋಡಿದೆವು. ಸುಮ್ಮನೆ ಇದ್ದಾಗ 40 ವ್ಯಾಟ್, ಲೆಕ್ಕ ಮಾಡುವಾಗ 100. ಹೆಚ್ಚಾಗಿದ್ದು 60 ವ್ಯಾಟ್. ದಿನಕ್ಕೆ 5 ಗಂಟೆ ಅಂದರೆ ತಿಂಗಳಿಗೆ 9 ಯೂನಿಟ್. ಯೂನಿಟ್‌ಗೆ 35 ಸೆಂಟ್ ಹಿಡಿದರೆ ಸುಮಾರು 3 ಯೂರೊ. ಹಗಲು-ರಾತ್ರಿ ಓಡಿಸಿದರೆ 23 ಯೂರೊ ದಾಟುತ್ತೆ. ಮೂರಕ್ಕೆ ಅಪ್ಪ ಹೂಂ ಅಂದರು, ಇಪ್ಪತ್ತಮೂರಕ್ಕೆ ಇಲ್ಲ. ಫ್ಯಾನ್ ಸದ್ದು ಜಾಸ್ತಿ ಅಂತ ಅಮ್ಮ ಗೊಣಗಿದ್ದಕ್ಕೆ ಪ್ರೊಸೆಸರಿನ ಅರ್ಧ ಭಾಗ ಮಾತ್ರ ಬಳಸುವಂತೆ ಬದಲಾಯಿಸಿದೆವು. ಬಿಲ್ ಇನ್ನೂ ಕಡಿಮೆಯಾಯಿತು.

ಈಗಲೂ 100-100 ಇದೆ. ನಾನು ದಿನಾ ನೋಡೋದನ್ನು ಬಿಟ್ಟಿದ್ದೀನಿ. ಪ್ರತಿ ಭಾನುವಾರ ಮೀಟರ್ ಓದಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ತಂಗಿಯದು, ಕನ್ನಡದ ಅಂಕಿಗಳಲ್ಲೇ ಬರೀತಾಳೆ.